ಐವತ್ತೈದು ದಾಟಿದ ಮೇಲೆ ಕಾಲಿನ ಕಸುವು ಉಳಿಸಿಕೊಳ್ಳಲು: ಮುಂಬೈ ಮನೆಗಳಿಗೆ 12 ವಾರದ ಕ್ರಮ

"ದಿನಾ ಮುಕ್ಕಾಲು ಗಂಟೆ ವಾಕಿಂಗ್ ಮಾಡುತ್ತೇನೆ. ಶುಗರ್, ಬಿಪಿ ಹತೋಟಿಯಲ್ಲಿವೆ. ಆದರೂ ಸ್ಟೇಷನ್ನಿನ ಬ್ರಿಡ್ಜ್ ಹತ್ತುವಾಗ ತೊಡೆ ಸೋಲುತ್ತದೆ, ನೆಲದ ಮೇಲೆ ಕೂತರೆ ಏಳಲು ಯಾರಾದರೂ ಕೈ ಕೊಡಬೇಕು. ಯಾವ ಟಾನಿಕ್ ಒಳ್ಳೆಯದು?" ಮಾಟುಂಗಾದಿಂದ ಡೊಂಬಿವಿಲಿವರೆಗಿನ ಓದುಗರು ಮತ್ತೆ ಮತ್ತೆ ಕೇಳುವುದು ಹೆಚ್ಚುಕಡಿಮೆ ಇದನ್ನೇ.

ಟಾನಿಕ್‌ನಿಂದ ಇದು ಸರಿಹೋಗುವುದಿಲ್ಲ. ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಸ್ನಾಯು ಕರಗುತ್ತದೆ. ಅರವತ್ತರ ಮೇಲೆ ಈ ವೇಗ ಇನ್ನೂ ಹೆಚ್ಚು. ಇದು ಮಿತಿಮೀರಿ ಶಕ್ತಿಯೇ ಕುಂದಿದಾಗ ವೈದ್ಯರು ಅದನ್ನು ಸಾರ್ಕೋಪೀನಿಯಾ ಎನ್ನುತ್ತಾರೆ, ಅಂದರೆ ವಯಸ್ಸಿನ ಸ್ನಾಯುಕ್ಷಯ. ಸಮತಟ್ಟು ರಸ್ತೆಯ ವಾಕಿಂಗ್ ಹೃದಯಕ್ಕೆ, ಸಕ್ಕರೆಗೆ ಒಳ್ಳೆಯದೇ. ಆದರೆ ತೊಡೆಯ ಸ್ನಾಯು ಬೆಳೆಯಲು ಬೇಕಾದಷ್ಟು ಭಾರ ಅದರಿಂದ ಸಿಗುವುದಿಲ್ಲ. ಸ್ನಾಯುವಿಗೆ ಭಾರ ಬೇಕು, ತಟ್ಟೆಯಲ್ಲಿ ಪ್ರೋಟೀನು ಬೇಕು. ಕೆಳಗಿನ ಮಿಕ್ಕ ಹಂತಗಳು ಈ ಎರಡರ ಫಲ ಕೈತಪ್ಪದಂತೆ ನೋಡಿಕೊಳ್ಳಲು.

ಬೇಕಾಗುವ ಸಾಮಾನು

ಕೈಯಿಲ್ಲದ, ಗಟ್ಟಿಯಾದ, ಸುಮಾರು 17 ಅಂಗುಲ (43 ಸೆಂ.ಮೀ.) ಎತ್ತರದ ಒಂದು ಕುರ್ಚಿ. ಟೈಲರ್ ಟೇಪು. ಸೆಕೆಂಡು ತೋರಿಸುವ ಗಡಿಯಾರ ಅಥವಾ ಮೊಬೈಲು. ಒಂದು ಲೀಟರಿನ ಎರಡು ನೀರಿನ ಬಾಟಲಿ. ತೋಳಿಗೆ ಪಟ್ಟಿ ಕಟ್ಟುವ ಬಿಪಿ ಯಂತ್ರ (ಮಣಿಕಟ್ಟಿನದು ಬೇಡ, ಅದು ಸುಲಭವಾಗಿ ತಪ್ಪು ತೋರಿಸುತ್ತದೆ). ಮತ್ತೆ ಒಂದು ನೋಟ್‌ಬುಕ್.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಬಿಪಿ 180/110 ದಾಟಿರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಮೂಳೆ ಸವೆತದಿಂದ ಬೆನ್ನುಮೂಳೆ ಅಥವಾ ಸೊಂಟ ಮುರಿದುಕೊಂಡವರು, ಸಕ್ಕರೆ ಕಾಯಿಲೆಯಿಂದ ಕಣ್ಣಿನೊಳಗೆ ರಕ್ತಸ್ರಾವವಾದವರು ತಮ್ಮ ವೈದ್ಯರನ್ನು ಕೇಳದೆ 2ನೇ ಹಂತಕ್ಕೆ ಇಳಿಯಬೇಡಿ.

ಹಂತ 1: ಮೊದಲು ಅಳೆಯಿರಿ

ತೂಕದ ಯಂತ್ರ ಒಂದನ್ನೇ ನಂಬಬೇಡಿ. ಸ್ನಾಯು ಕರಗಿ ಆ ಜಾಗಕ್ಕೆ ಕೊಬ್ಬು ಬಂದರೂ ಮುಳ್ಳು ಅಲ್ಲೇ ನಿಂತಿರುತ್ತದೆ. ಬದಲಿಗೆ ಈ ನಾಲ್ಕನ್ನು ಬರೆದಿಡಿ.

ಒಂದು, ಕುರ್ಚಿ ಪರೀಕ್ಷೆ. ಕುರ್ಚಿಯ ಬೆನ್ನನ್ನು ಗೋಡೆಗೆ ತಾಗಿಸಿ. ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಂದು ಎಣಿಸಿ. 60ರಿಂದ 64ರ ಗಂಡಸರಿಗೆ 14ಕ್ಕಿಂತ, ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ಆ ವಯಸ್ಸಿಗೆ ಅದು ಸಾಲದು. 65ರಿಂದ 69ಕ್ಕೆ ಈ ಗೆರೆ 12 ಮತ್ತು 11. 70ರಿಂದ 74ಕ್ಕೆ 12 ಮತ್ತು 10. ಕೈ ಊರದೆ ಏಳಲಾಗದಿದ್ದರೆ ಸೊನ್ನೆ ಎಂದೇ ಬರೆಯಿರಿ.

ಎರಡು, ನಡಿಗೆಯ ವೇಗ. ಆರು ಮೀಟರಿನ ನೇರ ಜಾಗ ಬೇಕು. ಮುಂಬೈ ಫ್ಲ್ಯಾಟಿನೊಳಗೆ ಅಷ್ಟು ಉದ್ದ ಸಿಗುವುದು ಅಪರೂಪ, ಬಿಲ್ಡಿಂಗಿನ ಪ್ಯಾಸೇಜಿಗೆ ಹೋಗಿ. ಅಲ್ಲಿ ಎರಡಡಿಯ ಟೈಲ್ಸ್ ಇದ್ದರೆ ಹತ್ತು ಟೈಲ್ಸ್ ಎಣಿಸಿದರೆ ಆರು ಮೀಟರ್ ಆಯಿತು, ಟೇಪು ಹಿಡಿಯುವ ಕೆಲಸವಿಲ್ಲ. ಎರಡು ಟೈಲ್ಸ್ ಹಿಂದಿನಿಂದಲೇ ನಡೆಯಲು ಶುರುಮಾಡಿ, ಎಂದಿನ ನಡಿಗೆಯಲ್ಲೇ ದಾಟಿ. 6 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ನಡಿಗೆ ನಿಧಾನವಾಗಿದೆ.

ಮೂರು, ಮೀನಖಂಡದ ಸುತ್ತಳತೆ, ಅದು ಅತಿ ದಪ್ಪವಿರುವ ಕಡೆ. ಏಷ್ಯಾದವರಿಗೆ ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಸ್ನಾಯುಕ್ಷಯದ ಅನುಮಾನ. ಕಾಲು ಊದಿಕೊಳ್ಳುವವರಿಗೆ ಈ ಅಳತೆ ಸುಳ್ಳು ಹೇಳುತ್ತದೆ.

ನಾಲ್ಕು, ಅಡುಗೆಮನೆಯ ಕಟ್ಟೆಯ ಪಕ್ಕದಲ್ಲಿ ಒಂಟಿಕಾಲಲ್ಲಿ ನಿಲ್ಲುವುದು. 10 ಸೆಕೆಂಡು ಗುರಿ. ಕೈ ಕಟ್ಟೆಯಿಂದ ಒಂದಂಗುಲ ದೂರವಿದ್ದರೆ ಸಾಕು, ಇನ್ನೂ ದೂರ ಬೇಡ.

ಹಂತ 2: ವಾರಕ್ಕೆ ಮೂರು ದಿನ, ಇಪ್ಪತ್ತು ನಿಮಿಷ

ಸೋಮ, ಬುಧ, ಶುಕ್ರ ಎಂದಿಟ್ಟುಕೊಳ್ಳಿ. ನಡುವೆ ಒಂದು ದಿನದ ಬಿಡುವು ಇರಲಿ. ಸ್ನಾಯು ರಿಪೇರಿಯಾಗುವುದು ಆ ಬಿಡುವಿನಲ್ಲೇ.

*ಕುರ್ಚಿಯಿಂದ ಏಳುವುದು.* ಇದು ಮುಖ್ಯ. ಬೇರೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ. ಕುರ್ಚಿಯ ಅಂಚಿಗೆ ಸರಿದು ಕೂರಿ. ಪಾದಗಳು ಭುಜದಷ್ಟು ಅಗಲ, ಹಿಮ್ಮಡಿ ಮೊಣಕಾಲಿಗಿಂತ ಸ್ವಲ್ಪ ಹಿಂದೆ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಉಸಿರು ಬಿಡುತ್ತ ಎದ್ದು ನಿಲ್ಲಿ. ಈಗ ಮನಸ್ಸಿನಲ್ಲೇ ಒಂದರಿಂದ ನಾಲ್ಕು ಎಣಿಸುತ್ತ ನಿಧಾನಕ್ಕೆ ಕೂರಿ. ಏಳುವುದಕ್ಕಿಂತ ಈ ನಿಧಾನದ ಇಳಿತವೇ ತೊಡೆಗೆ ಹೆಚ್ಚು ಕೆಲಸ ಕೊಡುತ್ತದೆ. ಮೊದಲ ಎರಡು ವಾರ 8 ಸಲದ ಎರಡು ಸುತ್ತು, ನಡುವೆ ಒಂದೂವರೆ ನಿಮಿಷ ವಿಶ್ರಾಂತಿ. 3ನೇ ವಾರದಿಂದ ಮೂರು ಸುತ್ತು. ಮೂರು ಸುತ್ತಿನಲ್ಲೂ 12 ಸಲ ಸಲೀಸಾಗಿ ಬಂದ ದಿನ ಕೈಗೊಂದರಂತೆ ತುಂಬಿದ ಬಾಟಲಿ ಹಿಡಿಯಿರಿ, ಅಲ್ಲಿಗೆ ಎರಡು ಕೆ.ಜಿ. ಅದೂ ಸುಲಭವಾದರೆ ಬ್ಯಾಗಿನಲ್ಲಿ ಐದು ಕೆ.ಜಿ. ಅಕ್ಕಿ ಹಾಕಿ ಎದೆಗವಚಿಕೊಳ್ಳಿ. ಕೊನೆಯ ಎರಡು ಸಲ ಕಷ್ಟ ಎನಿಸಲೇಬೇಕು. ಎನಿಸದಿದ್ದರೆ ಭಾರ ಸಾಲದು. ಹೆಚ್ಚಿನವರು ಸೋಲುವುದು ಇಲ್ಲೇ: ವರ್ಷಗಟ್ಟಲೆ ಅದೇ ಹತ್ತು ಸಲ, ಅದೇ ಬರಿಗೈ.

ಏಳಲಾಗದವರು ಕುರ್ಚಿಯ ಮೇಲೆ ಗಟ್ಟಿ ದಿಂಬು ಇಟ್ಟು ಎತ್ತರ ಮಾಡಿಕೊಳ್ಳಿ, ಅಥವಾ ತೊಡೆಯ ಮೇಲೆ ಕೈ ಊರಿ ಏಳಿ. ಎರಡು ವಾರಕ್ಕೊಮ್ಮೆ ದಿಂಬು ತೆಳ್ಳಗಾಗುತ್ತ ಬರಲಿ.

ಇಲ್ಲಿ ಆಗುವ ತಪ್ಪುಗಳು: ಉಸಿರು ಬಿಗಿಹಿಡಿಯುವುದು (ಆ ಕ್ಷಣ ಬಿಪಿ ಜಿಗಿಯುತ್ತದೆ), ಧೊಪ್ಪನೆ ಕೂರುವುದು, ಏಳುವಾಗ ಮೊಣಕಾಲು ಎರಡೂ ಒಳಕ್ಕೆ ವಾಲುವುದು, ಹಗುರ ಪ್ಲಾಸ್ಟಿಕ್ ಕುರ್ಚಿಯನ್ನು ನಯವಾದ ಟೈಲ್ಸ್ ಮೇಲೆ ಗೋಡೆಯ ಆಸರೆಯಿಲ್ಲದೆ ಇಡುವುದು, ಅದು ಹಿಂದೆ ಸರಿದು ನೀವು ನೆಲಕ್ಕೆ ಬೀಳುವುದು. ಮಾರನೇ ದಿನ, ಅದರ ಮಾರನೇ ದಿನ ತೊಡೆ ನೋಯುವುದು ಸಹಜ. ಕೀಲಿನೊಳಗೆ ಚುಚ್ಚಿದಂತಾದರೆ, ಮೊಣಕಾಲು ಊದಿದರೆ ಅದು ಸಹಜವಲ್ಲ. ಎತ್ತರ ಹೆಚ್ಚಿಸಿ, ಭಾರ ಇಳಿಸಿ. ಎದೆ ಬಿಗಿತ, ದವಡೆ ಅಥವಾ ತೋಳಿನಲ್ಲಿ ಭಾರ, ತಲೆ ಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ. "ಗ್ಯಾಸ್ ಇರಬೇಕು" ಎಂದು ನಿಂಬೆಸೋಡಾ ಕುಡಿದು ಕೂರಬೇಡಿ.

*ಹಿಮ್ಮಡಿ ಎತ್ತುವುದು.* ಅಡುಗೆ ಕಟ್ಟೆ ಹಿಡಿದು ಕಾಲ್ಬೆರಳ ಮೇಲೆ ನಿಂತು ನಿಧಾನಕ್ಕೆ ಇಳಿಯಿರಿ. 12 ಸಲದ ಎರಡು ಸುತ್ತು. *ಗೋಡೆ ದೂಡುವುದು.* ಗೋಡೆಯಿಂದ ಒಂದು ತೋಳಿನಷ್ಟು ದೂರ ನಿಂತು ಅಂಗೈ ಊರಿ, ಮೊಣಕೈ ಮಡಚಿ ಎದೆಯನ್ನು ಗೋಡೆಯ ಹತ್ತಿರ ತಂದು ವಾಪಸ್ಸು ದೂಡಿ. 10 ಸಲದ ಎರಡು ಸುತ್ತು. *ಸಮತೋಲ.* ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸಿ 30 ಸೆಕೆಂಡು. ಅದು ಬಂದ ಮೇಲೆ ಒಂಟಿಕಾಲು. ಚಹಾ ಕುದಿಯುವ ಹೊತ್ತು ಇದಕ್ಕೆ ಸಾಕು, ದಿನಾ ಮಾಡಬಹುದು.

4ನೇ ವಾರದಿಂದ ಇನ್ನೊಂದನ್ನು ಸೇರಿಸಿ: ನೆಲದಿಂದ ಏಳುವುದು. ಚಾಪೆಯ ಮೇಲೆ ಮಲಗಿ, ಮಗ್ಗುಲಿಗೆ ಹೊರಳಿ, ಕೈ ಮತ್ತು ಮೊಣಕಾಲಿನ ಮೇಲೆ ಬಂದು, ಒಂದು ಪಾದ ಮುಂದಿಟ್ಟು, ಮಂಚದ ಅಂಚು ಹಿಡಿದು ಏಳಿ. ವಾರಕ್ಕೆ ಎರಡು ದಿನ, ಮನೆಯಲ್ಲಿ ಯಾರಾದರೂ ಇದ್ದಾಗ. ಹಗಲು ಹೊತ್ತು ಒಂಟಿಯಾಗಿರುವವರಿಗೆ, ಮಕ್ಕಳು ಸೊಸೆಯಂದಿರು ಆಫೀಸಿಗೆ ಹೋಗುವ ಮನೆಗಳಲ್ಲಿ, ಇದು ಬರಲೇಬೇಕಾದ ವಿದ್ಯೆ.

ಹಂತ 3: ನಡಿಗೆ, ಈ ಊರಿನ ಹವೆಗೆ ತಕ್ಕಂತೆ

ಹತ್ತು ಸಾವಿರ ಹೆಜ್ಜೆಯ ಲೆಕ್ಕ 1965ರಲ್ಲಿ ಜಪಾನಿನ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ ಹುಟ್ಟಿದ್ದು, ವೈದ್ಯಶಾಸ್ತ್ರದಿಂದಲ್ಲ. ಅರವತ್ತು ದಾಟಿದವರಲ್ಲಿ ಆಯುಷ್ಯದ ಲಾಭ 6,000ದಿಂದ 8,000 ಹೆಜ್ಜೆಯ ಸುಮಾರಿಗೆ ಹೆಚ್ಚುಕಡಿಮೆ ಸಿಕ್ಕಿಬಿಟ್ಟಿರುತ್ತದೆ. ಎಷ್ಟು ಎನ್ನುವಷ್ಟೇ ಮುಖ್ಯ ಯಾವ ವೇಗ ಎನ್ನುವುದು: ನಿಮಿಷಕ್ಕೆ ನೂರು ಹೆಜ್ಜೆ, ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮಧ್ಯಾಹ್ನ ಮತ್ತು ರಾತ್ರಿಯ ಊಟ ಮುಗಿದ ಅರ್ಧ ಗಂಟೆಯೊಳಗೆ 10–15 ನಿಮಿಷ ನಡೆದರೆ ಸಕ್ಕರೆ ಏರುವುದು ತಗ್ಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೇವರ್ ಬ್ಲಾಕಿನ ಮೇಲೆ ಪಾಚಿ ಕಟ್ಟುತ್ತದೆ. ಈ ನಾಲ್ಕು ತಿಂಗಳು ಶಿವಾಜಿ ಪಾರ್ಕು, ಫೈವ್ ಗಾರ್ಡನ್ಸಿನ ಹಠ ಬಿಟ್ಟು ಸೊಸೈಟಿಯ ಸ್ಟಿಲ್ಟ್ ಪಾರ್ಕಿಂಗಿನಲ್ಲೋ ಪ್ಯಾಸೇಜಿನಲ್ಲೋ ನಡೆಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಯ ತೇವದಿಂದ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಏಳು ಗಂಟೆಯೊಳಗೆ ಮುಗಿಸಿ. ನವೆಂಬರ್‌ನಿಂದ ಫೆಬ್ರುವರಿ ಇದಕ್ಕೆ ತದ್ವಿರುದ್ಧ. ಬೆಳಗಿನ ಜಾವ ತಂಪು ಗಾಳಿ ಹೊಗೆ ದೂಳನ್ನು ನೆಲಮಟ್ಟದಲ್ಲೇ ಹಿಡಿದಿಡುತ್ತದೆ. ಐದೂವರೆಯ "ಶುದ್ಧ ಗಾಳಿ" ಆ ದಿನಗಳಲ್ಲಿ ಶುದ್ಧವಲ್ಲ. ಕೇಂದ್ರ ಮಾಲಿನ್ಯ ಮಂಡಳಿಯ ಸಮೀರ್ ಆ್ಯಪಿನಲ್ಲಿ ಗಾಳಿಯ ಗುಣಮಟ್ಟದ ಸೂಚ್ಯಂಕ 200 ದಾಟಿದ್ದರೆ ಅಂದು ಮನೆಯೊಳಗೇ ಮುಗಿಸಿ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಗುಂಪಿನ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಹೊರಡಬೇಡಿ, ರಕ್ತದ ಸಕ್ಕರೆ ತೀರಾ ಇಳಿಯಬಹುದು, ಜೇಬಿನಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಇರಲಿ. ಮೆಟ್ಟಿಲ ವಿಷಯ: ಹತ್ತುವುದು ತೊಡೆಗೆ ವ್ಯಾಯಾಮ, ಇಳಿಯುವುದು ನೋಯುವ ಮೊಣಕಾಲಿಗೆ ಹೊರೆ. ಮೊಣಕಾಲು ನೋವಿರುವವರು ಒಂದೆರಡು ಮಹಡಿ ಹತ್ತಿ, ಲಿಫ್ಟಿನಲ್ಲಿ ಇಳಿಯಿರಿ.

ಹಂತ 4: ತಟ್ಟೆ

ಅರವತ್ತು ದಾಟಿದವರಿಗೆ ದಿನಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ 1ರಿಂದ 1.2 ಗ್ರಾಂ ಪ್ರೋಟೀನು ಬೇಕು. 60 ಕೆ.ಜಿ. ಇರುವವರಿಗೆ 60–72 ಗ್ರಾಂ. ಇದನ್ನು ಒಂದೇ ಊಟದಲ್ಲಿ ಸುರಿದರೆ ಆಗದು. ವಯಸ್ಸಾದ ಸ್ನಾಯು ಸಣ್ಣ ಪ್ರಮಾಣಕ್ಕೆ ಅಷ್ಟಾಗಿ ಓಗೊಡುವುದಿಲ್ಲ, ಆದ್ದರಿಂದ ಪ್ರತಿ ಊಟದಲ್ಲೂ 20 ಗ್ರಾಂ ಆಸುಪಾಸು ಇರಬೇಕು. ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತೋರಿಸುವ ಅಳತೆ) ಹೆಚ್ಚಿರುವವರು, ಕಿಡ್ನಿಯ ತೊಂದರೆ ಇರುವವರು ಮಾತ್ರ ವೈದ್ಯರು ಹೇಳಿದ ಅಳತೆಯಲ್ಲೇ ಇರಿ.

ನಮ್ಮ ಮನೆಗಳ ದೊಡ್ಡ ದೋಷ ರಾತ್ರಿ ಊಟದಲ್ಲಿದೆ. "ವಯಸ್ಸಾಯಿತು, ರಾತ್ರಿಗೆ ಒಂದು ಬಟ್ಟಲು ಗಂಜಿ ಸಾಕು" ಎನ್ನುವ ಮಾತು ಕರಾವಳಿಯಿಂದ ಬಂದ ಮನೆಗಳಲ್ಲಿ ಪದ್ಧತಿಯೇ ಆಗಿದೆ. ಕುಚಲಕ್ಕಿ ಗಂಜಿ, ಉಪ್ಪಿನಕಾಯಿ, ಹಪ್ಪಳ: ಪ್ರೋಟೀನು ನಾಲ್ಕೈದು ಗ್ರಾಂ, ಉಪ್ಪು ಮಾತ್ರ ಧಾರಾಳ. ಗಂಜಿ ಬಿಡಬೇಕಿಲ್ಲ. ಪಕ್ಕದಲ್ಲಿ ಒಂದು ಬಟ್ಟಲು ಹೆಸರುಕಾಳಿನ ಗಟ್ಟಿ ಪಲ್ಯ, ಒಂದು ಬಟ್ಟಲು ಮೊಸರು ಇರಲಿ. ಮೀನು ತಿನ್ನುವವರಿಗೆ ಒಂದು ಬಂಗುಡೆ. ಎರಡನೇ ದೋಷ ಬೆಳಗಿನದು. ಎರಡು ಇಡ್ಲಿ, ನೀರಾದ ಸಾಂಬಾರು ಎಂದರೆ ಐದಾರು ಗ್ರಾಂ. ಕಾಂದಾ ಪೋಹೆ, ಚಹಾ-ಖಾರಿಯ ಲೆಕ್ಕವೂ ಅಷ್ಟಕ್ಕಷ್ಟೆ. ಸಂಕಷ್ಟಿ, ಏಕಾದಶಿಯ ಸಾಬುದಾಣಾ ಖಿಚಡಿಯ ಸಾಬುದಾಣೆಯಲ್ಲಿ ಪ್ರೋಟೀನು ಇಲ್ಲವೆಂದೇ ಹೇಳಬೇಕು. ಅದರೊಳಗಿನ ಶೇಂಗಾದಿಂದ ಬಂದದ್ದಷ್ಟೇ ಲಾಭ.

ಕೈಗೆ ಸಿಗುವ ಲೆಕ್ಕ: ಒಂದು ಮೊಟ್ಟೆ 6 ಗ್ರಾಂ. ಮಧ್ಯಮ ಗಾತ್ರದ ಒಂದು ಬಂಗುಡೆ 16–18. ಒಂದು ಲೋಟ (200 ಮಿ.ಲೀ.) ಹಾಲು ಅಥವಾ ಅಷ್ಟೇ ಮೊಸರು 6. ಒಣ ತೊಗರಿಬೇಳೆ ಅಥವಾ ಹೆಸರು 30 ಗ್ರಾಂ ತೂಗಿದರೆ 6–7. ಪನೀರ್ 50 ಗ್ರಾಂಗೆ 9. ಒಂದು ಹಿಡಿ (30 ಗ್ರಾಂ) ಶೇಂಗಾ 7. ಒಣ ಸೋಯಾ ಚಂಕ್ಸ್ 30 ಗ್ರಾಂಗೆ 15. ಒಂದು ಚಪಾತಿ 3.

ಸಸ್ಯಾಹಾರಿಗಳಿಗೆ ಒಂದು ದಿನದ ಮಾದರಿ: ಬೆಳಿಗ್ಗೆ 50 ಗ್ರಾಂ ಹೆಸರುಬೇಳೆಯ ಎರಡು ದೋಸೆ ಮತ್ತು ಒಂದು ಲೋಟ ಹಾಲು (18). ಮಧ್ಯಾಹ್ನ ಸ್ವಲ್ಪ ಅನ್ನ, ಒಂದು ಚಪಾತಿ, ಗಟ್ಟಿ ತೊವ್ವೆ, ಒಂದು ಬಟ್ಟಲು ಮೊಸರು (20). ಸಂಜೆ ಒಂದು ಹಿಡಿ ಹುರಿದ ಶೇಂಗಾ (7). ರಾತ್ರಿ ಎರಡು ಚಪಾತಿ, 40 ಗ್ರಾಂ ಮಟ್ಕಿಯ ಉಸಳ್, ಸ್ವಲ್ಪ ಪನೀರ್ (20ಕ್ಕಿಂತ ಹೆಚ್ಚು). ಮೊಳಕೆ ಕಾಳು ಹಸಿಯಾಗಿ ಬೇಡ, ಬೇಯಿಸಿ ತಿನ್ನಿ. ಹಲ್ಲಿಗೂ ಹೊಟ್ಟೆಗೂ ಸುಲಭ.

ಎರಡು ಎಚ್ಚರಿಕೆ. ಜೂನ್, ಜುಲೈ ಮೀನುಗಾರಿಕೆ ನಿಷೇಧದ ತಿಂಗಳು. ತಾಜಾ ಮೀನು ಕಡಿಮೆ ಎಂದು ಒಣಮೀನಿಗೆ ಇಳಿಯಬೇಡಿ, ಅದರಲ್ಲಿ ಉಪ್ಪು ವಿಪರೀತ. ಆ ತಿಂಗಳು ಮೊಟ್ಟೆ ಹೆಚ್ಚಿಸಿ. ಇನ್ನು ಡಬ್ಬಿಯ "ಶಕ್ತಿವರ್ಧಕ" ಪುಡಿ ಕೊಳ್ಳುವ ಮುನ್ನ ಹಿಂಬದಿಯ ಚೀಟಿ ಓದಿ: ನೂರು ಗ್ರಾಂನಲ್ಲಿ ಪ್ರೋಟೀನಿಗಿಂತ ಸಕ್ಕರೆ ಹೆಚ್ಚಿದ್ದರೆ ಅದು ಸಿಹಿತಿಂಡಿ.

ಉಪ್ಪು ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಚಹಾ ಚಮಚ, ಉಪ್ಪಿನಕಾಯಿ ಹಪ್ಪಳದ್ದೂ ಸೇರಿ. ತಂಬಾಕಿಲ್ಲದ ಎಲೆಅಡಿಕೆ ನಿರುಪದ್ರವಿ ಎನ್ನುವವರಿಗೆ ಒಂದು ಮಾತು: ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ವರ್ಗೀಕರಿಸಿದೆ.

ಹಂತ 5: ನಿದ್ದೆ

ಏಳರಿಂದ ಎಂಟು ಗಂಟೆ. ಹೋಟೆಲು ನಡೆಸಿದವರಿಗೆ, ಕೊನೆಯ ಲೋಕಲ್ ಹಿಡಿದು ಮನೆ ಸೇರಿದವರಿಗೆ ರಾತ್ರಿ ಹನ್ನೊಂದರ ಊಟ ನಿವೃತ್ತಿಯ ನಂತರವೂ ಅಂಟಿಕೊಂಡಿರುತ್ತದೆ. ಊಟವನ್ನು ವಾರಕ್ಕೆ 15 ನಿಮಿಷದಂತೆ ಹಿಂದೆ ತನ್ನಿ. ಮಲಗುವ ಎರಡು ಮೂರು ಗಂಟೆ ಮೊದಲು ಮುಗಿಯುವವರೆಗೆ. ಚಹಾ ಕಾಫಿಯ ಕೆಫೀನ್ ಅರ್ಧಕ್ಕಿಳಿಯಲು ಐದು ಗಂಟೆಯಾದರೂ ಬೇಕು, ನಾಲ್ಕರ ಚಹಾವೇ ಕೊನೆಯದಾಗಲಿ. ಮಧ್ಯಾಹ್ನದ ನಿದ್ದೆಗೆ ಅರ್ಧ ಗಂಟೆಯ ಅಲಾರಂ ಇಡಿ. ಜೋರು ಗೊರಕೆ, ನಡುವೆ ಉಸಿರು ನಿಂತಂತಾಗುವುದು, ಹಗಲೆಲ್ಲ ತೂಕಡಿಕೆ ಇದ್ದರೆ ನಿದ್ದೆಯಲ್ಲಿ ಉಸಿರುಗಟ್ಟುವ ಕಾಯಿಲೆಯ ಪರೀಕ್ಷೆ ಮಾಡಿಸಿ. ನಿದ್ದೆ ಮಾತ್ರೆಗಳು ಬೀಳುವ ಅಪಾಯ ಹೆಚ್ಚಿಸುತ್ತವೆ. ಆದರೆ ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ವೈದ್ಯರ ಮೂಲಕ ಹಂತಹಂತವಾಗಿ ಇಳಿಸಿ.

ಹಂತ 6: ಬಚ್ಚಲು ಮತ್ತು ರಾತ್ರಿಯ ದಾರಿ

ಒಂದು ಮಧ್ಯಾಹ್ನದ ಕೆಲಸ. ಕಮೋಡಿನ ಪಕ್ಕ ಮತ್ತು ಸ್ನಾನದ ಜಾಗದಲ್ಲಿ ಗೋಡೆಗೆ ಸ್ಟೀಲ್ ಹಿಡಿಕೆ, ಟೈಲ್ಸ್ ಕೊರೆದು ಸ್ಕ್ರೂ ಹಾಕಿದ್ದು. ಗಾಳಿ ಹೀರಿ ಅಂಟಿಕೊಳ್ಳುವ ಹಿಡಿಕೆ ಒದ್ದೆಯಲ್ಲಿ ಕಳಚುತ್ತದೆ, ಟವೆಲ್ ರಾಡು ಮೈಭಾರ ತಾಳುವುದಿಲ್ಲ. ಹಳೇ ಮನೆಗಳ ಮೋರಿಯ (ಮೂಲೆಯ ಸ್ನಾನದ ಜಾಗದ) ಕಟ್ಟೆಗೆ ಬಣ್ಣದ ಪಟ್ಟಿ ಅಂಟಿಸಿ, ಎತ್ತರ ಕಣ್ಣಿಗೆ ಕಾಣಲಿ. ಮಂಚದಿಂದ ಬಚ್ಚಲವರೆಗೆ ಸಣ್ಣ ದೀಪ. ಅಡಿ ಸವೆದ ರಬ್ಬರ್ ಚಪ್ಪಲಿ ಎಸೆಯಿರಿ. ರಾತ್ರಿ ಎದ್ದಾಗ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಆಮೇಲೆ ನಿಲ್ಲಿ. ಏಕೆ ಎನ್ನುವುದು ಮುಂದಿನ ಹಂತದಲ್ಲಿದೆ.

ಹಂತ 7: ಬಿಪಿ ಮತ್ತು ಮಾತ್ರೆಯ ಚೀಲ

ಬಿಪಿ ನೋಡುವ ಅರ್ಧ ಗಂಟೆ ಮೊದಲು ಚಹಾ ಬೇಡ, ಮೂತ್ರ ಮಾಡಿ ಬನ್ನಿ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಮಟ್ಟದಲ್ಲಿ, ಐದು ನಿಮಿಷ ಸುಮ್ಮನೆ ಕೂತು ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ. ಮನೆಯ ಅಳತೆ ಪದೇಪದೇ 135/85 ಅಥವಾ ಹೆಚ್ಚಿದ್ದರೆ ತೋರಿಸಿ. ಬಳಿಕ ಎದ್ದು ನಿಂತು, ಒಂದನೇ ಮತ್ತು ಮೂರನೇ ನಿಮಿಷದಲ್ಲಿ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10ರಷ್ಟು ಇಳಿದರೆ ನಿಂತಾಗ ಬಿಪಿ ಕುಸಿಯುತ್ತಿದೆ ಎಂದರ್ಥ. ರಾತ್ರಿ ಬೀಳುವುದಕ್ಕೆ ಇದು ದೊಡ್ಡ ಕಾರಣ. ಬಿಪಿ ಮಾತ್ರೆ, ಪ್ರೊಸ್ಟೇಟ್ ಮಾತ್ರೆ ಎರಡೂ ಇದನ್ನು ತರಬಲ್ಲವು.

ವರ್ಷಕ್ಕೊಮ್ಮೆ ಮನೆಯಲ್ಲಿರುವ ಎಲ್ಲ ಮಾತ್ರೆ, ಆಯುರ್ವೇದದ ಪುಡಿ, ಕೆಮಿಸ್ಟ್ ಕೊಟ್ಟದ್ದು, ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿ ಒಬ್ಬ ವೈದ್ಯರ ಮುಂದಿಡಿ. ಹೆಚ್ಚು ಸಿಕ್ಕಿಬೀಳುವವು: ವರ್ಷಗಟ್ಟಲೆ ನಡೆದ ಅಸಿಡಿಟಿಯ ಮಾತ್ರೆ ಪ್ಯಾಂಟೊಪ್ರಜೋಲ್ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ (ಎರಡೂ ವಿಟಮಿನ್ ಬಿ12 ತಗ್ಗಿಸುತ್ತವೆ; ಸಸ್ಯಾಹಾರಿಗಳಲ್ಲಿ ಅದು ಮೊದಲೇ ಕಡಿಮೆ, ಕಾಲು ಜೋಮು ಹಿಡಿಯುವುದಕ್ಕೆ ಇದೂ ಕಾರಣವಿರಬಹುದು); ಮೊಣಕಾಲಿಗೆಂದು ದಿನಾ ನುಂಗುವ ನೋವಿನ ಮಾತ್ರೆ ಡೈಕ್ಲೋಫೆನಾಕ್ (ಕಿಡ್ನಿಗೆ ಪೆಟ್ಟು, ಬಿಪಿ ಏರಿಕೆ); ವಾರಕ್ಕೊಂದರಂತೆ ಎಂಟು ವಾರಕ್ಕೆ ಬರೆದಿದ್ದ 60,000 ಯೂನಿಟ್ಟಿನ ವಿಟಮಿನ್ ಡಿಯನ್ನು ಯಾರೂ ನಿಲ್ಲಿಸಲು ಹೇಳಲಿಲ್ಲವೆಂದು ವರ್ಷಗಟ್ಟಲೆ ಮುಂದುವರಿಸಿದ್ದು (ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರುತ್ತದೆ).

ವರ್ಷಕ್ಕೊಮ್ಮೆ ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ), ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್, ಹಿಮೋಗ್ಲೋಬಿನ್, ಬಿ12, ಕೊಲೆಸ್ಟರಾಲ್ ಸಾಕು. ಮುಂಬೈ ಪಾಲಿಕೆಯ ಆಪ್ಲಾ ದವಾಖಾನೆಗಳಲ್ಲಿ ಹಲವು ರಕ್ತಪರೀಕ್ಷೆ ಉಚಿತ. ಜಾಹೀರಾತಿನ ತೊಂಬತ್ತು ಪರೀಕ್ಷೆಗಳ ಪ್ಯಾಕೇಜಿನಲ್ಲಿ ಹಣಕ್ಕಿಂತ ಹೆಚ್ಚಾಗಿ ನೆಮ್ಮದಿ ಹೋಗುತ್ತದೆ. ಕಿವಿಯನ್ನೂ ಪರೀಕ್ಷಿಸಿ: ಟಿವಿ ಸದ್ದು ಏರುತ್ತಲೇ ಹೋದರೆ ಅದನ್ನು ವಯಸ್ಸಿನ ಮೇಲೆ ಹಾಕಬೇಡಿ. ಕಿವುಡುತನ ಮರೆವಿನ ಕಾಯಿಲೆಗೆ ತಡೆಯಬಹುದಾದ ಕಾರಣಗಳಲ್ಲಿ ಒಂದು. ಮಳೆಗಾಲಕ್ಕೆ ಮುಂಚೆ ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆಯ ಬಗ್ಗೆ ಅದೇ ಭೇಟಿಯಲ್ಲಿ ಕೇಳಿ.

ಹಂತ 8: 12ನೇ ವಾರ, ಮರು ಅಳತೆ

ಅದೇ ಕುರ್ಚಿ, ಅದೇ ಪ್ಯಾಸೇಜು, ದಿನದ ಅದೇ ಹೊತ್ತು. ಕುರ್ಚಿ ಪರೀಕ್ಷೆಯಲ್ಲಿ ಎರಡು ಮೂರು ಸಲ ಹೆಚ್ಚಾಗಿದ್ದರೆ ಕ್ರಮ ಕೆಲಸ ಮಾಡುತ್ತಿದೆ. ಭಾರ ಇನ್ನೊಂದು ಕೆ.ಜಿ. ಏರಿಸಿ ಮುಂದುವರಿಸಿ. ಮೀನಖಂಡದ ಅಳತೆ ಬದಲಾಗದಿದ್ದರೆ ಬೇಸರ ಬೇಡ, ಬಲ ಮೊದಲು ಬರುತ್ತದೆ, ಗಾತ್ರ ಆಮೇಲೆ. ಏನೂ ಬದಲಾಗಿಲ್ಲವೆಂದರೆ ನೋಟ್‌ಬುಕ್ ತೆಗೆದು ನೋಡಿ: ಭಾರ ಏರಿಸಿದ್ದೀರಾ, ರಾತ್ರಿಯ ಊಟದಲ್ಲಿ 20 ಗ್ರಾಂ ಬಂದಿದೆಯೇ? ಎರಡೂ ಸರಿಯಿದ್ದೂ ಬಲ ಕುಂದುತ್ತಿದ್ದರೆ, ಅಥವಾ ಪ್ರಯತ್ನಪಡದೆಯೇ ಆರು ತಿಂಗಳು ವರ್ಷದೊಳಗೆ ತೂಕ ಶೇಕಡಾ 5ರಷ್ಟು (60 ಕೆ.ಜಿ.ಯವರಿಗೆ 3 ಕೆ.ಜಿ.) ಇಳಿದಿದ್ದರೆ ಇನ್ನೊಂದು 12 ವಾರ ಕಾಯಬೇಡಿ. ಥೈರಾಯ್ಡ್, ಸಕ್ಕರೆ, ಕ್ಷಯ, ಖಿನ್ನತೆ, ಕ್ಯಾನ್ಸರ್ ಯಾವುದೂ ಇದರ ಹಿಂದೆ ಇರಬಹುದು. ಆ ನೋಟ್‌ಬುಕ್ಕನ್ನೇ ತೆಗೆದುಕೊಂಡು ವೈದ್ಯರಲ್ಲಿಗೆ ಹೋಗಿ.